ಗುರಿ ಅವರದು, ಕೂಲಿ ನಮ್ಮದು

ಹೋದ ತಿಂಗಳು ಒಂದು ಸಂಜೆ ಪಾಳಿ ಮುಗಿಸಿಕೊಂಡು ಬಂದ ನೂಲುವ ಖಾತೆಯ ಕಾರ್ಮಿಕರೊಬ್ಬರು ನಮ್ಮ ಕಚೇರಿಯ ಮೇಜಿನ ಮೇಲೆ ಒಂದು ಕಾಗದವಿಟ್ಟು, "ಇದರಾಗ ಏನು ಬರೆದಾರೋ ಓದಿ ಹೇಳ್ರಿ. ಸೋಮವಾರದೊಳಗ ಸಹಿ ಹಾಕಬೇಕಂತ" ಎಂದರು. ಓದಿದೆವು. "ಸಂಸ್ಥೆಯ ಗುರಿಗಳಿಗೆ ಅನುಗುಣವಾದ ವೇತನ ನೀತಿ" ಎಂದು ತಲೆಬರಹ. ಕೆಳಗೆ ಸಾರಾಂಶ ಇಷ್ಟೇ: ಈಗ ಬರುತ್ತಿರುವ ಸಂಬಳವನ್ನು ಎರಡು ಪಾಲು ಮಾಡಲಾಗುವುದು. ನೂರು ರೂಪಾಯಿಗೆ 80 ರೂಪಾಯಿ ಖಾಯಂ. ಉಳಿದ 20 ರೂಪಾಯಿ ಸಂಸ್ಥೆಯು ಆ ವರ್ಷದ ಗುರಿಯನ್ನು ಮುಟ್ಟಿದರೆ ಉಂಟು, ಮುಟ್ಟದಿದ್ದರೆ ಇಲ್ಲ. ಗುರಿಯನ್ನು ಮೀರಿದರೆ ಇನ್ನಷ್ಟು ಸಿಕ್ಕಬಹುದೆಂಬ ಆಸೆಯ ಮಾತೂ ಇತ್ತು. ಗುರಿ ಯಾವುದು, ಅದನ್ನು ಗೊತ್ತುಮಾಡುವವರು ಯಾರು, ಮುಟ್ಟಿತೋ ಇಲ್ಲವೋ ಎಂದು ಅಳೆಯುವವರು ಯಾರು ಎಂಬುದನ್ನು ಹುಡುಕಿದೆವು. ಕೊನೆಯ ಸಾಲಿನಲ್ಲಿ ಉತ್ತರವಿತ್ತು: "ಈ ವಿಷಯದಲ್ಲಿ ಆಡಳಿತವರ್ಗದ ತೀರ್ಮಾನವೇ ಅಂತಿಮ."

ಆ ಕಾಗದದ ಭಾಷೆ ಬಹಳ ನಯವಾಗಿತ್ತು. ಕಾರ್ಮಿಕನನ್ನು ಅದು ಕಾರ್ಮಿಕನೆಂದು ಕರೆದಿರಲಿಲ್ಲ, "ಪಾಲುದಾರ" ಎಂದು ಕರೆದಿತ್ತು. ಮೂವತ್ತು ವರ್ಷ ದುಡಿದ ಆ ಮನುಷ್ಯ ಅದನ್ನು ಕೇಳಿ ನಕ್ಕುಬಿಟ್ಟರು.

ನಾವು ಈ ವಿಷಯವನ್ನು ನಕ್ಕು ಬಿಡುವಂತಿಲ್ಲ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಗಾಜಿನ ಕಟ್ಟಡಗಳಿಂದ ಹಿಡಿದು ಹೆಂಗಸರು ಹೊಲಿಯುವ ಸಿದ್ಧ ಉಡುಪಿನ ಕಾರ್ಖಾನೆಗಳವರೆಗೆ ಈ ಮಾತು ಹಬ್ಬಿದೆ. ಸಂಬಳವು ವ್ಯಾಪಾರದ ಗುರಿಯೊಡನೆ ಹೊಂದಿಕೊಂಡಿರಬೇಕು, ಇಲ್ಲದಿದ್ದರೆ ಉದ್ಯಮ ಬದುಕದು ಎನ್ನುತ್ತಾರೆ. ಕೇಳಲು ನ್ಯಾಯವಾಗಿಯೇ ಕಾಣುತ್ತದೆ. ನಮ್ಮ ಪೇಟೆಯ ಕಾಳುಕಡಿ ವ್ಯಾಪಾರಿಗಳಾದ ಮಿತ್ರರೊಬ್ಬರು ಇದನ್ನು ನೋಡಿ, "ಇದರಲ್ಲಿ ತಪ್ಪೇನು? ಸುಗ್ಗಿ ಚೆನ್ನಾದ ವರ್ಷ ನಾನೂ ಅಂಗಡಿಯ ಹುಡುಗನಿಗೆ ಒಂದು ಜೊತೆ ಬಟ್ಟೆ, ಕೈಗೆ ಇಷ್ಟು ಎಂದು ಹೆಚ್ಚು ಕೊಡುತ್ತೇನೆ. ಕೆಟ್ಟ ವರ್ಷ ಕೊಡುವುದಿಲ್ಲ" ಎಂದು ವಾದಿಸಿದರು. ಅವರ ಮಾತು ಪ್ರಾಮಾಣಿಕವಾದದ್ದು. ಆದರೆ ಎರಡು ಸಂಗತಿಗಳನ್ನು ಅವರು ಮರೆತರು. ಕೆಟ್ಟ ವರ್ಷದಲ್ಲಿ ಅವರು ಹುಡುಗನ ತಿಂಗಳ ಪಗಾರಕ್ಕೆ ಕೈಹಾಕುವುದಿಲ್ಲ, ಮೇಲಿನ ಉಡುಗೊರೆಯನ್ನು ಮಾತ್ರ ನಿಲ್ಲಿಸುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಆ ಹುಡುಗ ದಿನವೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ನಿಂತಿರುತ್ತಾನೆ. ವ್ಯಾಪಾರ ಆಯಿತೋ ಇಲ್ಲವೋ ಎಂಬುದು ಅವನ ಕಣ್ಣಿಗೆ ಕಾಣುತ್ತದೆ. ಗಿರಣಿಯ ಗಲ್ಲಾಪೆಟ್ಟಿಗೆ ಯಾವ ಊರಲ್ಲಿದೆಯೆಂಬುದೇ ಕಾರ್ಮಿಕನಿಗೆ ತಿಳಿಯದು.

ಈ ಜಗಳ ಇಂದಿನದಲ್ಲ. ಇದರ ವಯಸ್ಸು ನೂರು ವರ್ಷ ದಾಟಿದೆ. 1917ರಲ್ಲಿ ಅಹಮದಾಬಾದಿನಲ್ಲಿ ಪ್ಲೇಗು ಬಂದಾಗ ಕಾರ್ಮಿಕರು ಊರು ಬಿಟ್ಟು ಓಡದಿರಲೆಂದು ಗಿರಣಿ ಮಾಲೀಕರು ಪ್ಲೇಗು ಬೋನಸ್ ಕೊಟ್ಟರು. ಪ್ಲೇಗು ಇಳಿಯಿತು, ಬೋನಸ್ಸನ್ನು ನಿಲ್ಲಿಸಹೊರಟರು. ಯುದ್ಧಕಾಲದ ಬೆಲೆ ಮಾತ್ರ ಇಳಿದಿರಲಿಲ್ಲ. ಮಾಲೀಕರು ನೂರಕ್ಕೆ 20ರಷ್ಟು ಏರಿಕೆ ಎಂದರು, ಗಾಂಧಿಯವರ ಮುಂದಾಳುತನದಲ್ಲಿ ನೇಯ್ಗೆಯವರು 35 ಕೇಳಿದರು. 1918ರ ಫೆಬ್ರವರಿಯಲ್ಲಿ ಗಿರಣಿಗಳಿಗೆ ಬೀಗ ಬಿತ್ತು. ಮಾರ್ಚಿನಲ್ಲಿ ಗಾಂಧಿಯವರು ಉಪವಾಸ ಕೂತರು. ಕಡೆಗೆ ಪಂಚಾಯತಿಗೆ ಒಪ್ಪಿ, ಪಂಚರು 35ನ್ನೇ ಕೊಡಿಸಿದರು. ಆ ಬೋನಸ್ಸು ಸಹ "ಸಂಸ್ಥೆಯ ಗುರಿಗೆ ಅನುಗುಣವಾದ" ಸಂಬಳವೇ ಆಗಿತ್ತು ಎಂಬುದನ್ನು ಗಮನಿಸಬೇಕು. ಮಗ್ಗ ನಿಲ್ಲಬಾರದೆಂಬುದು ಮಾಲೀಕರ ಗುರಿ. ಗುರಿ ಈಡೇರಿದ ಮೇಲೆ ಸಂಬಳ ಬೇಡವಾಯಿತು.

ಮುಂಬಯಿಯ ಕತೆಯೂ ಇದೇ. ಮೊದಲ ಮಹಾಯುದ್ಧದಲ್ಲಿ ಅಲ್ಲಿನ ಗಿರಣಿಗಳು ಹೊನ್ನಿನ ಮಳೆ ಕಂಡವು. 1917ರಿಂದ ಯುದ್ಧ ಬೋನಸ್ ಕೊಟ್ಟರು, ಆಮೇಲೆ ವರ್ಷಕ್ಕೊಂದು ತಿಂಗಳ ಸಂಬಳವನ್ನು ಬೋನಸ್ಸಾಗಿ ಕೊಡುವ ರೂಢಿ ಬಿತ್ತು. 1923ರ ಸಾಲಿಗೆ ಲಾಭ ಸಾಲದು, ಕೊಡುವುದಿಲ್ಲ ಎಂದರು. 1924ರ ಆರಂಭದಲ್ಲಿ ಮುಂಬಯಿಯ ಗಿರಣಿಗಳೆಲ್ಲ ನಿಂತುಹೋದವು. ಮುಂಬಯಿಯ ಮುಖ್ಯ ನ್ಯಾಯಾಧೀಶ ಮ್ಯಾಕ್ಲಿಯೋಡರ ಸಮಿತಿ ಕೂತು, ಬೋನಸ್ಸಿನ ಮೇಲೆ ಕಾರ್ಮಿಕರಿಗೆ ಕಾನೂನಿನ ಹಕ್ಕಿಲ್ಲವೆಂದು ತೀರ್ಪಿತ್ತಿತು. ಅಂದರೆ ಅದು ದಾನ, ಕೊಟ್ಟರೆ ಉಂಟು.

ದಾನವನ್ನು ಹಕ್ಕಾಗಿ ಮಾಡುವುದಕ್ಕೆ ಮತ್ತೆ ನಾಲ್ಕು ದಶಕ ಬೇಕಾಯಿತು. ನಡುವೆ 1934ರಲ್ಲಿ ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಲಾಭದಲ್ಲಿ ಪಾಲು ಕೊಡುವ ಬೋನಸ್ ಆರಂಭಿಸಿತು. ಮಾಲೀಕರಲ್ಲಿ ಒಬ್ಬರಾದರೂ ಮಾಡಿದ್ದನ್ನು ಇಲ್ಲವೆನ್ನಬಾರದು. 1950ರಲ್ಲಿ ಮುಂಬಯಿಯ ಗಿರಣಿಗಳ ವ್ಯಾಜ್ಯದಲ್ಲಿ ಕಾರ್ಮಿಕ ಅಪೀಲು ನ್ಯಾಯಮಂಡಲಿ ಒಂದು ಸೂತ್ರ ಕಟ್ಟಿತು. ಪೂರ್ಣಪೀಠದ ಸೂತ್ರವೆಂದು ಹೆಸರಾದ ಅದನ್ನು ನಮ್ಮ ಓದುಗರು ಸ್ವಲ್ಪ ತಾಳ್ಮೆಯಿಂದ ನೋಡಬೇಕು, ಏಕೆಂದರೆ ಇಂದಿನ ವೇತನ ನೀತಿಗಳ ಚಳಕವೆಲ್ಲ ಅದರಲ್ಲಿ ಆಗಲೇ ಇತ್ತು. ವರ್ಷದ ಒಟ್ಟು ಲಾಭವನ್ನು ಮುಂದಿಡಿ. ಅದರಿಂದ ಯಂತ್ರದ ಸವಕಳಿಯನ್ನು ಕಳೆಯಿರಿ. ಹಳೆ ಯಂತ್ರ ಕಿತ್ತು ಹೊಸದನ್ನು ಇಂದಿನ ಬೆಲೆಗೆ ಕೊಳ್ಳಲು ನಿಧಿ ತೆಗೆಯಿರಿ. ಆದಾಯ ತೆರಿಗೆ ಕಳೆಯಿರಿ. ಷೇರುದಾರರ ಬಂಡವಾಳಕ್ಕೆ ನೂರಕ್ಕೆ 6 ಕೊಡಿ. ಕಾಯ್ದಿಟ್ಟ ಹಣಕ್ಕೂ ಇಷ್ಟು ಕೊಡಿ. ಆಮೇಲೆ ಏನಾದರೂ ಉಳಿದರೆ ಅದರಲ್ಲಿ ಕಾರ್ಮಿಕನಿಗೂ ಪಾಲು, ಮತ್ತೆ ಷೇರುದಾರನಿಗೂ ಪಾಲು, ಉದ್ಯಮಕ್ಕೂ ಪಾಲು.

ಮದುವೆ ಮನೆಯಲ್ಲಿ ಎಲ್ಲರದೂ ಊಟವಾದ ಮೇಲೆ ಕಡೆಯ ಪಂಕ್ತಿಗೆ ಕೂತವನ ಎಲೆಯ ಹಾಗೆ ಇದು. ಬಡಿಸುವವರು ಬರುತ್ತಾರೆ, ಪಾತ್ರೆಯ ತಳ ಕೆರೆಯುವ ಸದ್ದು ಮಾತ್ರ ಕೇಳುತ್ತದೆ. ಹೊಸ ಯಂತ್ರದ ನಿಧಿ ಎಂಬ ಒಂದು ಬಾಬ್ತೇ ಎಷ್ಟೋ ಕಡೆ ಉಳಿಕೆಯನ್ನು ನುಂಗಿಹಾಕುತ್ತಿತ್ತು. ಯಂತ್ರದ ಬೆಲೆ ಇಷ್ಟಾಗಲಿದೆ ಎಂದು ಲೆಕ್ಕ ಬರೆಯುವವರು ಮಾಲೀಕರೇ. ಯಂತ್ರ ಬಂತೋ ಇಲ್ಲವೋ ನೋಡುವವರಿಲ್ಲ.

ಕೂಗು ಹೆಚ್ಚಿತು. 1961ರಲ್ಲಿ ಎಂ. ಆರ್. ಮೆಹರ್ ಅವರ ಅಧ್ಯಕ್ಷತೆಯಲ್ಲಿ ಬೋನಸ್ ಆಯೋಗ ನೇಮಕವಾಗಿ 1964ರಲ್ಲಿ ವರದಿ ಕೊಟ್ಟಿತು. ಆಯೋಗ ಆ ಯಂತ್ರನಿಧಿಯ ಬಾಬ್ತನ್ನು ಕೈಬಿಟ್ಟಿತು. ಬಂಡವಾಳಕ್ಕೆ ನೂರಕ್ಕೆ 7, ಕಾಯ್ದಿಟ್ಟ ನಿಧಿಗೆ 4 ಸಾಕೆಂದಿತು. ಸರಕಾರ ವರದಿಯನ್ನು ಒಪ್ಪಿದ್ದೇನೋ ಒಪ್ಪಿತು. ಆದರೆ 7ನ್ನು 8.5 ಮಾಡಿತು, 4ನ್ನು 6 ಮಾಡಿತು! ಅಲ್ಲಿಗೆ 1965ರ ಬೋನಸ್ ಪಾವತಿ ಕಾಯಿದೆ ಬಂತು. ಉಳಿಕೆಯ ನೂರರಲ್ಲಿ 60 ಪಾಲು, ಕೆಲವು ಕಂಪೆನಿಗಳಲ್ಲಿ 67 ಪಾಲು, ಕಾರ್ಮಿಕರಿಗೆ ಹಂಚಬೇಕೆಂದಿತು. ಲಾಭವಿರಲಿ, ನಷ್ಟವಿರಲಿ, ವರ್ಷದ ಸಂಬಳದ ನೂರಕ್ಕೆ 4 ಕನಿಷ್ಠ, 20 ಗರಿಷ್ಠ. ನಷ್ಟದಲ್ಲೂ ಕೊಡುವುದು ಅನ್ಯಾಯವೆಂದು ಮಾಲೀಕರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1966ರಲ್ಲಿ ನ್ಯಾಯಾಲಯ ಕನಿಷ್ಠ ಬೋನಸ್ಸನ್ನು ಎತ್ತಿಹಿಡಿಯಿತು. 1972ರಲ್ಲಿ ಅದು 8.33ಕ್ಕೆ ಏರಿತು. ಈ ಬೆಸಸಂಖ್ಯೆ ಎಲ್ಲಿಂದ ಬಂತೆಂದು ಕೇಳುವವರಿದ್ದಾರೆ. ನೂರನ್ನು ಹನ್ನೆರಡರಿಂದ ಭಾಗಿಸಿ ನೋಡಿ: ವರ್ಷಕ್ಕೆ ಒಂದು ತಿಂಗಳ ಸಂಬಳ. ಅಂದರೆ ತಡವಾಗಿ ಕೈಗೆ ಬರುವ ಹದಿಮೂರನೆಯ ತಿಂಗಳ ಕೂಲಿ.

ಈಗ ನಮ್ಮ ಕಾಗದದ ವಿಷಯಕ್ಕೆ ಬರೋಣ. ಸಂಬಳವನ್ನು ಉದ್ಯಮದ ಲಾಭಕ್ಕೇ ಬಿಗಿಯಾಗಿ ಕಟ್ಟಿಹಾಕಿದರೆ ಏನಾಗುತ್ತದೆಂಬುದನ್ನು ಈ ದೇಶದಲ್ಲಿ ಒಮ್ಮೆ ಮಾಡಿ ನೋಡಿದ್ದಾಗಿದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರ ಸೆಪ್ಟೆಂಬರಿನಲ್ಲಿ, ಸುಗ್ರೀವಾಜ್ಞೆಯೊಂದು ಹೊರಟು ಬೋನಸ್ಸನ್ನು 8.33ರಿಂದ ಮತ್ತೆ 4ಕ್ಕೆ ಇಳಿಸಿತು. ಉಳಿಕೆ ಇಲ್ಲದಿದ್ದರೆ ಅದೂ ಇಲ್ಲ ಎಂದಿತು. ಉತ್ಪಾದನೆಗೆ ಹೊಂದಿಕೊಂಡ ಬೋನಸ್ ಎಂಬ ಮಾತು ಕಾಯಿದೆಯೊಳಗೆ ಹೊಕ್ಕದ್ದೂ ಆ ಕಾಲದಲ್ಲೇ. ಮುಷ್ಕರವಿಲ್ಲ, ಸಭೆಯಿಲ್ಲ, ಮುಖಂಡರು ಜೈಲಿನಲ್ಲಿ. ಹೀಗೆ ಬಾಯಿ ಕಟ್ಟಿದಾಗಲೇ ಇಂಥ "ಹೊಂದಾಣಿಕೆ" ಸಾಧ್ಯವಾಯಿತೆಂಬುದು ಯೋಚಿಸತಕ್ಕ ಸಂಗತಿ. 1977ರಲ್ಲಿ ಜನ ಸರಕಾರವನ್ನು ಬದಲಿಸಿದರು, 8.33 ಮರಳಿತು.

ಇನ್ನೊಂದು ಪಕ್ಷವನ್ನೂ ಹೇಳಿಬಿಡಬೇಕು. ಗುರಿಗೆ ಕಟ್ಟಿದ ಬೋನಸ್ಸೆಲ್ಲ ಮೋಸವೆಂದು ನಾವು ಹೇಳುವುದಿಲ್ಲ. 1974ರ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರ ನೇತೃತ್ವದಲ್ಲಿ ದೇಶದ ರೈಲು ಕಾರ್ಮಿಕರು ಇಪ್ಪತ್ತು ದಿನ ಚಕ್ರ ನಿಲ್ಲಿಸಿದಾಗ ಬೋನಸ್ಸು ಅವರ ಬೇಡಿಕೆಗಳಲ್ಲೊಂದು. ಮುಷ್ಕರ ಮುರಿದುಬಿತ್ತು, ಆದರೆ 1979–80ರ ಸಾಲಿನಿಂದ ರೈಲ್ವೆಯಲ್ಲಿ ಉತ್ಪಾದಕತೆಗೆ ಹೊಂದಿಕೊಂಡ ಬೋನಸ್ ಬಂತು. ಎಷ್ಟು ಸಾಮಾನು ಸಾಗಿತು, ಎಷ್ಟು ಪ್ರಯಾಣಿಕರು ಓಡಾಡಿದರು ಎಂಬುದರ ಮೇಲೆ ಅದರ ಲೆಕ್ಕ. ಈ ಲೆಕ್ಕ ಎಲ್ಲರ ಕಣ್ಣಿಗೆ ಕಾಣುವಂಥದು. ಗಾಡಿ ಓಡಿಸುವವನ, ಹಳಿ ಕಾಯುವವನ ದುಡಿಮೆಗೆ ನೇರ ಸಂಬಂಧವಿರುವಂಥದು. ಮೇಲಾಗಿ ಅದು ಮೂಲ ಸಂಬಳವನ್ನು ಕತ್ತರಿಸಿ ಬಂದದ್ದಲ್ಲ, ಸಂಬಳದ ಮೇಲೆ ಬಂದದ್ದು.

ನಮ್ಮ ಮುಂದಿರುವ ಕಾಗದ ಹಾಗಲ್ಲ. ಅದು ಇದ್ದ ಕೂಲಿಯಲ್ಲೇ ಐದನೆಯ ಒಂದು ಪಾಲನ್ನು ಕಿತ್ತು, "ಇದನ್ನು ಮತ್ತೆ ಗೆದ್ದುಕೋ" ಎನ್ನುತ್ತದೆ. ಗೆಲ್ಲುವುದು ಕಾರ್ಮಿಕನ ಕೈಯಲ್ಲಿದೆಯೇ? ಗಿರಣಿಯ ಲಾಭ ಹತ್ತಿಯ ಧಾರಣೆಯ ಮೇಲೆ ನಿಂತಿದೆ, ವಿದ್ಯುತ್ತಿನ ದರದ ಮೇಲೆ ನಿಂತಿದೆ, ಸಾಲದ ಬಡ್ಡಿಯ ಮೇಲೆ ನಿಂತಿದೆ, ಯಜಮಾನರ ಅಳಿಯನಿಗೆ ಯಾವ ಬೆಲೆಗೆ ನೂಲು ಮಾರಿದರು ಎಂಬುದರ ಮೇಲೂ ನಿಂತಿರಬಹುದು. ಕದಿರಿನ ಮುಂದೆ ಎಂಟು ಗಂಟೆ ನಿಂತವನಿಗೆ ಇವುಗಳಲ್ಲಿ ಒಂದರ ಮೇಲೂ ಅಧಿಕಾರವಿಲ್ಲ. ಬೆಂಗಳೂರಿನ ಮಿನರ್ವಾ ಮಿಲ್ಲನ್ನು ನೆನೆಯಿರಿ. 1970ರಲ್ಲಿ ಕೇಂದ್ರ ಸರಕಾರ ಅದರ ವ್ಯವಹಾರದ ವಿಚಾರಣೆಗೆ ಸಮಿತಿ ಕೂಡಿಸಿತು. ಮಿಲ್ಲಿನ ಆಡಳಿತ ಸಾರ್ವಜನಿಕ ಹಿತಕ್ಕೆ ಹಾನಿಯಾಗುವಂತೆ ನಡೆದಿದೆಯೆಂಬ ಕಾರಣಕ್ಕೆ 1971ರಲ್ಲಿ ಅದನ್ನು ಸರಕಾರದ ವಶಕ್ಕೆ ತೆಗೆದುಕೊಂಡರು. ಗುರಿ ತಪ್ಪಿಸಿದವರು ಮಗ್ಗದವರಲ್ಲ. ಗುರಿ ತಪ್ಪಿದ್ದಕ್ಕೆ ಸಂಬಳ ಕಡಿಯುವುದಾದರೆ ಯಾರದನ್ನು ಕಡಿಯಬೇಕಾಗಿತ್ತು?

ಇಲ್ಲೇ ಒಂದು ತಮಾಷೆಯಿದೆ. 2013ರ ಕಂಪೆನಿ ಕಾಯಿದೆಯ ಪ್ರಕಾರ ಸಾರ್ವಜನಿಕ ಕಂಪೆನಿಯ ನಿರ್ದೇಶಕರು ಹಾಗೂ ವ್ಯವಸ್ಥಾಪಕರ ಒಟ್ಟು ಸಂಭಾವನೆಗೆ ನಿವ್ವಳ ಲಾಭದ ನೂರಕ್ಕೆ 11ರ ಮಿತಿಯಿದೆ. ಷೇರುದಾರರು ಒಪ್ಪಿದರೆ ಅದನ್ನು ದಾಟಬಹುದು. ಲಾಭವೇ ಇಲ್ಲದ ವರ್ಷ? ಆಗಲೂ ಅವರಿಗೆ ಇಷ್ಟೆಂದು ಕೊಡಲು ಅದೇ ಕಾಯಿದೆಯ ಐದನೆಯ ಅನುಸೂಚಿಯಲ್ಲಿ ದಾರಿಯಿದೆ. ನಷ್ಟದಲ್ಲಿ ಕಾರ್ಮಿಕನಿಗೆ ಕನಿಷ್ಠ ಬೋನಸ್ ಎಂದರೆ ಅರ್ಥಶಾಸ್ತ್ರ ಕೆಡುತ್ತದೆ, ನಷ್ಟದಲ್ಲಿ ವ್ಯವಸ್ಥಾಪಕನಿಗೆ ಸಂಬಳವೆಂದರೆ ಅದು ದಕ್ಷತೆಗೆ ಕೊಡುವ ಬೆಲೆ!

ಗುರಿಗೆ ಕೂಲಿ ಕಟ್ಟುವ ವಿದ್ಯೆಯ ಹಿರಿಯಜ್ಜ ಅಮೆರಿಕದ ಟೇಲರ್. 1899ರಲ್ಲಿ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ತುಂಡು ಹೊರುವ ಕೂಲಿಯಾಳೊಬ್ಬನಿಂದ ದಿನಕ್ಕೆ 12½ ಟನ್ ಬದಲು 47½ ಟನ್ ಹೊರಿಸಿದ್ದನ್ನು ಆತ 1911ರ ತನ್ನ ಪುಸ್ತಕದಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಕೂಲಿ 1 ಡಾಲರ್ 15 ಸೆಂಟಿನಿಂದ 1 ಡಾಲರ್ 85 ಸೆಂಟಿಗೆ ಏರಿತು. ಹೊರೆ ಹೆಚ್ಚುಕಡಿಮೆ ನಾಲ್ಕರಷ್ಟು, ಕೂಲಿ ಏರಿದ್ದು ನೂರಕ್ಕೆ 60. ನಡುವಿನ ಅಂತರ ಎಲ್ಲಿ ಹೋಯಿತೆಂದು ಮಗ್ಗಿ ಬಲ್ಲ ಮಗುವೂ ಹೇಳೀತು.

ಅದೇ ಅಮೆರಿಕದ ಈಚಿನ ಉದಾಹರಣೆಯನ್ನು ವ್ಯಾಪಾರಿ ಮಿತ್ರರು ಕೇಳಬೇಕು. ವೆಲ್ಸ್ ಫಾರ್ಗೋ ಎಂಬ ದೊಡ್ಡ ಬ್ಯಾಂಕು ತನ್ನ ನೌಕರರ ಗಳಿಕೆಯನ್ನೂ ಕೆಲಸವನ್ನೂ ಮಾರಾಟದ ಗುರಿಗೆ ಕಟ್ಟಿತು. ಒಬ್ಬೊಬ್ಬ ಗಿರಾಕಿಗೆ ಎಂಟೆಂಟು ಬಗೆಯ ಖಾತೆ, ಕಾರ್ಡು ಅಂಟಿಸಬೇಕು. ಗುರಿ ಮುಟ್ಟಲಾರದ ನೌಕರರು ಗಿರಾಕಿಗಳಿಗೆ ಗೊತ್ತಿಲ್ಲದಂತೆ ಅವರ ಹೆಸರಿನಲ್ಲಿ ಖಾತೆ ತೆರೆದರು. ಇಂಥ ಲಕ್ಷಗಟ್ಟಲೆ ಖಾತೆಗಳು 2016ರಲ್ಲಿ ಬೆಳಕಿಗೆ ಬಂದು ಬ್ಯಾಂಕಿಗೆ 18½ ಕೋಟಿ ಡಾಲರ್ ದಂಡ ಬಿತ್ತು. ಐದು ವರ್ಷಗಳಲ್ಲಿ ಸುಮಾರು 5,300 ಮಂದಿಯನ್ನು ಕೆಲಸದಿಂದ ತೆಗೆದಿದ್ದರು. ಅವರಲ್ಲಿ ಹೆಚ್ಚಿನವರು ಕೆಳಗಿನ ಸ್ತರದವರು. ಗುರಿ ಇಟ್ಟ ಮುಖ್ಯಾಧಿಕಾರಿ ತಪ್ಪೊಪ್ಪಿ ಕೆಳಗಿಳಿಯಲು ಸಂಸತ್ತು ಕರೆಸಿ ಕೇಳಬೇಕಾಯಿತು.

ಸಣ್ಣ ವ್ಯಾಪಾರಿಗಳು ಇದು ಕಾರ್ಮಿಕರ ಪಾಡು, ನಮಗೇನು ಎಂದುಕೊಳ್ಳಬಾರದು. ತಮ್ಮ ಉದ್ರಿ ಪುಸ್ತಕವನ್ನು ಒಮ್ಮೆ ತೆರೆದು ನೋಡಲಿ. ಕಿರಾಣಿ ಅಂಗಡಿಯವನು ಗಿರಣಿಯವನಿಗೆ ತಿಂಗಳ ಸಾಲ ಕೊಡುವುದು ಯಾವ ಜಾಮೀನಿನ ಮೇಲೆ? ಹತ್ತನೆಯ ತಾರೀಕಿನೊಳಗೆ ಇಷ್ಟು ಸಂಬಳ ಬಂದೇ ಬರುತ್ತದೆಂಬ ನಂಬಿಕೆಯ ಮೇಲೆ. ಆ ಸಂಬಳದಲ್ಲಿ ಐದನೆಯ ಪಾಲು ಗಾಳಿಯಲ್ಲಿದ್ದರೆ ಉದ್ರಿಯ ಐದನೆಯ ಪಾಲೂ ಗಾಳಿಯಲ್ಲೇ. ಕಂಪೆನಿ ತಾನು ಹೊರಬೇಕಾದ ವ್ಯಾಪಾರದ ಅಪಾಯವನ್ನು ಕಾರ್ಮಿಕನ ಹೆಗಲಿಗೆ ಹಾಕುತ್ತದೆ, ಕಾರ್ಮಿಕ ಅದನ್ನು ನಿಮ್ಮ ತಕ್ಕಡಿಯ ಮೇಲೆ ಇಳಿಸದೆ ವಿಧಿಯಿಲ್ಲ. 1965ರ ಕಾಯಿದೆ ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಬೋನಸ್ ಕೊಡಬೇಕೆಂದು ವಿಧಿಸಿತ್ತು. ಮಾರ್ಚಿಗೆ ಲೆಕ್ಕ ಮುಗಿದರೆ ನವೆಂಬರು. ದೀಪಾವಳಿಯ ಮುಂಚೆ ಬೋನಸ್ ಬಂದ ಊರಿನ ಬಟ್ಟೆಯಂಗಡಿ, ಪಾತ್ರೆಯಂಗಡಿ, ಚಪ್ಪಲಿಯಂಗಡಿಗಳ ಮುಂದಿನ ಗದ್ದಲವನ್ನು ದಾವಣಗೆರೆಯ ಹಳಬರನ್ನು ಕೇಳಿದರೆ ಹೇಳುತ್ತಾರೆ. ಅಲ್ಲಿ ಗಿರಣಿಗಳು ಮುಚ್ಚಿದಾಗ ಅಂಗಡಿ ಬೀದಿಗಳೂ ಸೊರಗಿದವು. ನಮಗೂ ಈ ಕಾಯಿದೆ ಅನ್ವಯಿಸಿ ತಲೆನೋವಾದೀತೆಂಬ ಅಂಜಿಕೆ ಚಿಕ್ಕ ಅಂಗಡಿಯವರಿಗೆ ಬೇಡ. ಕಾರ್ಖಾನೆಗಳನ್ನು ಬಿಟ್ಟರೆ, ಇಪ್ಪತ್ತು ಮಂದಿಗಿಂತ ಕಡಿಮೆ ಜನರಿಂದ ಕೆಲಸ ಮಾಡಿಸುವವರನ್ನು ಆ ಕಾಯಿದೆ ಸಾಮಾನ್ಯವಾಗಿ ಹೊರಗಿಟ್ಟಿತ್ತು.

1965ರ ಆ ಕಾಯಿದೆ ಈಗ ಹಳೆಯದಾಯಿತು. 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು ಅದನ್ನು ತನ್ನ ಹೊಟ್ಟೆಯೊಳಗೆ ಹಾಕಿಕೊಂಡಿತು. 8.33 ಮತ್ತು 20 ಉಳಿದಿವೆ. ಎಷ್ಟು ಸಂಬಳದವರೆಗಿನವರಿಗೆ ಬೋನಸ್ ಎಂಬ ಮಿತಿ ಮಾತ್ರ, 2015ರ ತಿದ್ದುಪಡಿಯಲ್ಲಿ ತಿಂಗಳಿಗೆ 21,000 ರೂಪಾಯಿ ಎಂದು ಕಾಯಿದೆಯಲ್ಲೇ ಬರೆದಿದ್ದುದು, ಸಂಹಿತೆಯಲ್ಲಿ ಸರಕಾರದ ಅಧಿಸೂಚನೆಗೆ ಬಿಟ್ಟ ವಿಷಯವಾಯಿತು. ಲೋಕಸಭೆಯಲ್ಲಿ ಚರ್ಚೆಯಾಗಿ ಬದಲಾಗಬೇಕಾದ ಅಂಕಿ ಕಚೇರಿಯ ಒಂದು ಹಾಳೆಯಲ್ಲಿ ಬದಲಾಗುವಂತಾದದ್ದನ್ನು ನಾವು ಒಳ್ಳೆಯ ಲಕ್ಷಣವೆಂದು ತಿಳಿಯುವುದಿಲ್ಲ.

ಹಾಗಾದರೆ ನಾವು ಹೇಳುವುದೇನು? ಮೊದಲು ಹೊಟ್ಟೆ. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ, ಮಾಲೀಕರ ಪ್ರತಿನಿಧಿಗಳೂ ಕೂತಿದ್ದ ಸಮ್ಮೇಳನ, ದುಡಿಯುವವನೊಬ್ಬನ ಸಂಸಾರಕ್ಕೆ ಮೂರು ಪ್ರಮಾಣದ ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇದರ ಮೇಲೆ ಸೌದೆ ದೀಪಕ್ಕೆ ನೂರಕ್ಕೆ 20 ಎಂದು ಲೆಕ್ಕ ಕಟ್ಟಿತ್ತು. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪು ಇವಕ್ಕೆ ಇನ್ನೊಂದು 25 ಸೇರಿಸಬೇಕೆಂದಿತು. ಈ ಲೆಕ್ಕದ ಕೂಲಿ ಖಾಯಂ ಕೂಲಿಯಾಗಿ ಕೈಗೆ ಬಂದಮೇಲೆ, ಅದರ ಮೇಲಿನ ಸೇರಿಗೆ ಬೇಕಾದರೆ ಗುರಿ ಇಡಲಿ. ಆ ಗುರಿ ಕಾರ್ಮಿಕನ ಕೈಗೆ ಎಟಕುವುದಾಗಿರಲಿ: ನೂಲಿನ ಗುಣ, ಕಸದ ಹತ್ತಿ, ಯಂತ್ರ ನಿಂತ ಹೊತ್ತು. ಹತ್ತಿಯ ಧಾರಣೆಯಲ್ಲ. ಒಂದು ವರ್ಷ ಮುಟ್ಟಿದ ಗುರಿಯನ್ನು ಮರುವರ್ಷ ಅಷ್ಟೇ ಸಂಬಳಕ್ಕೆ ಎತ್ತರಿಸಬಾರದು, ಏಕೆಂದರೆ ಅದು ಕತ್ತೆಯ ಮುಂದೆ ಕಟ್ಟಿದ ಹುಲ್ಲಿನ ಕಂತೆಯಾಗುತ್ತದೆ. ಅಳೆಯುವ ಕೋಲನ್ನು ಎರಡು ಕಡೆಯವರೂ ಹಿಡಿದಿರಬೇಕು.

ಲೆಕ್ಕದ ಪುಸ್ತಕದ ಮಾತೊಂದಿದೆ. ಲೆಕ್ಕ ತಪಾಸಣೆಯಾದ ಅಢಾವೆ ಪತ್ರಿಕೆ ಸರಿಯೆಂದೇ ನ್ಯಾಯಾಲಯ ಭಾವಿಸಬೇಕೆಂದು 1965ರ ಕಾಯಿದೆ ಹೇಳಿತ್ತು. ಆದರೆ ಅದರ ಯಾವುದೇ ಬಾಬ್ತಿನ ವಿವರಣೆಯನ್ನು ಕೇಳಲು ನ್ಯಾಯಾಧಿಕರಣದ ಮುಂದೆ ಅರ್ಜಿ ಹಾಕುವ ಹಕ್ಕನ್ನು ಸಂಘಕ್ಕೆ ಕೊಟ್ಟಿತ್ತು. ಈ ಹಕ್ಕನ್ನು ನಮ್ಮ ಸಂಘಗಳು ಎಷ್ಟು ಸಲ ಬಳಸಿದವೆಂದು ಎದೆ ಮುಟ್ಟಿ ನೋಡಿಕೊಳ್ಳಬೇಕು. ದೀಪಾವಳಿ ಹತ್ತಿರ ಬಂದಾಗ 10 ಕೊಡಿ, 12 ಕೊಡಿ ಎಂದು ಚೌಕಾಸಿ ಮಾಡಿ, ಕೈಗೆ ಬಂದದ್ದನ್ನು ಎಣಿಸಿಕೊಂಡು, ಪುಸ್ತಕವನ್ನು ನೋಡದೆಯೇ ಎದ್ದು ಬಂದ ವರ್ಷಗಳೇ ಹೆಚ್ಚು. ಈ ಸೋಮಾರಿತನದಲ್ಲಿ ನಮ್ಮ ಪಾಲೂ ಇದೆ.

ಆ ಕಾರ್ಮಿಕರು ಕಾಗದ ಮಡಿಸಿ ಜೇಬಿಗಿಡುತ್ತ, "ಸಹಿ ಹಾಕಲೋ ಬ್ಯಾಡೋ, ಅದನ್ನ ಹೇಳ್ರಿ ಮೊದಲ" ಎಂದರು. ಒಬ್ಬರೇ ಹಾಕಬೇಡಿ, ಒಬ್ಬರೇ ಇಲ್ಲವೆಂದೂ ಹೇಳಬೇಡಿ, ಭಾನುವಾರ ಪಾಳಿಯವರೆಲ್ಲ ಕೂತು ಮೂರು ವರ್ಷದ ಅಢಾವೆ ಪತ್ರಿಕೆ ಕೊಡಿಸಬೇಕೆಂದು ಬರೆದು ಎಲ್ಲರೂ ಸಹಿ ಹಾಕಿ ಕಳಿಸಿ ಎಂದೆವು. ಭಾನುವಾರ ಸಭೆಗೆ ನಾವೂ ಹೋಗಿದ್ದೆವು. ರಾತ್ರಿ ಪಾಳಿಯವರು ಕಣ್ಣು ಉಜ್ಜಿಕೊಳ್ಳುತ್ತಲೇ ಬಂದು ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡರು. ಅರ್ಜಿ ಸೋಮವಾರ ಬೆಳಿಗ್ಗೆ ಟಪಾಲಿನಲ್ಲಿ ಹೋಗಿದೆ. ಇದನ್ನು ಬರೆಯುವವರೆಗೆ ಉತ್ತರ ಬಂದಿಲ್ಲ. ಸಹಿಯ ಗಡುವನ್ನು ಮಾತ್ರ ಹದಿನೈದು ದಿನ ಮುಂದೂಡಿದ್ದೇವೆಂದು ಗೇಟಿನ ಬಳಿ ಚೀಟಿ ಅಂಟಿಸಿದ್ದಾರೆ.